ಬರ್ಸೀಮ್ ಗದ್ದೆಯಲ್ಲಿ ನಿಂತೇ ಇದ್ದ ನಾಯಿ

ನನ್ನ ಗಂಡ ಬಿದ್ದದ್ದನ್ನು ಮೊದಲು ನೋಡಿದ್ದು ನಾಯಿ. ನೋಡಿಯೂ ಅದು ಅಲುಗಲಿಲ್ಲ. ಅಲುಗಬಾರದು ಎಂದು ಅದಕ್ಕೆ ಕಲಿಸಿದವರು ಅವರೇ.

ರಿಯಾದಿನಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ ನಮ್ಮ ಕಫೀಲನ, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿಯ, ತೋಟ. ತೋಟ ಎಂದರೆ ನಮ್ಮ ಊರಿನ ಹಾಗಿನದ್ದಲ್ಲ. ಒಂದಷ್ಟು ಖರ್ಜೂರದ ಮರ, ಕುರಿಯ ದೊಡ್ಡಿ, ಚಕ್ರದ ಮೇಲೆ ಸುತ್ತುತ್ತ ನೀರು ಚೆಲ್ಲುವ ಉದ್ದನೆಯ ಪೈಪು, ಅದರ ಕೆಳಗೆ ದುಂಡಗೆ ಬೆಳೆದ ಬರ್ಸೀಮ್ ಹುಲ್ಲು. ಹುಲ್ಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮರಳು. ನಾನು ಅಲ್ಲಿ ಅಡುಗೆಯವಳು. ಕೆಲಸದವರಿಗೂ ಬೇಯಿಸುತ್ತೇನೆ, ಕಫೀಲ ವಾರದ ಕೊನೆಗೆ ಗೆಳೆಯರನ್ನು ಕರೆದುಕೊಂಡು ಬಂದರೆ ಅವರಿಗೂ ಬೇಯಿಸುತ್ತೇನೆ. ನನ್ನ ಗಂಡ ಮೊದಲು ನೀರಿನ ಪಂಪು ನೋಡಿಕೊಳ್ಳುತ್ತಿದ್ದರು. ಆಮೇಲೆ ಕಫೀಲನ ನಾಯಿಗಳು ಅವರ ಪಾಲಿಗೆ ಬಂದವು.

ಊರಲ್ಲಿದ್ದಾಗ ಅವರಿಗೆ ಬೇಟೆಯ ಹುಚ್ಚು. ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಹಾರೆ ಗುದ್ದಲಿ ಕೆಳಗಿಟ್ಟು ಗಂಡಸರು ಗುಡ್ಡಕ್ಕೆ ಬೇಟೆಗೆ ಹೋಗುವ ಕ್ರಮ ನಮ್ಮಲ್ಲಿ ಇತ್ತು. ಉಳಿದವರು ವರ್ಷಕ್ಕೊಮ್ಮೆ ಹೋದರೆ ಇವರಿಗೆ ಎಲ್ಲ ದಿನವೂ ಕೆಡ್ಡಸ. ಹಿಂದೆ ಮುಂದೆ ಕಂತ್ರಿ ನಾಯಿಗಳ ದಂಡು. ನಾನು ಮದುವೆಯಾಗಿ ಬಂದಾಗ ಮನೆಯಲ್ಲಿ ಮನುಷ್ಯರಿಗಿಂತ ನಾಯಿಗಳಿಗೆ ಹೆಚ್ಚು ಅನ್ನ ಬೇಯುತ್ತಿತ್ತು. ನಾನು ನಾಯಿಗಳಿಗೆ ಬಡಿಸಿದ್ದೇನೆ, ಬೈದಿದ್ದೇನೆ, ಮುಟ್ಟಿದ್ದಿಲ್ಲ. ಮುಟ್ಟುವುದು ಅವರ ಕೆಲಸ.

ಈ ನಾಯಿ ವಿಮಾನದಲ್ಲಿ ಬಂದದ್ದು. ನಾನು ಸೌದಿಗೆ ಬಂದಾಗ ಏರ್‌ಪೋರ್ಟಿಗೆ ತೋಟದ ಪಿಕಪ್ ಬಂದಿತ್ತು. ನಾಯಿ ಬಂದಾಗ ಕಫೀಲನೇ ಹೋಗಿ ಕಾದು ನಿಂತಿದ್ದನಂತೆ. ಜರ್ಮನ್ ಪಾಯಿಂಟರ್ ಎಂದು ಜಾತಿ. ಕಾಗದಗಳಲ್ಲಿ ಉದ್ದನೆಯ ಹೆಸರು ಇತ್ತು, ಅದನ್ನು ಯಾರೂ ಕರೆಯಲಿಲ್ಲ. ತಲೆ ಪೂರ್ತಿ ಕಾಫಿ ಬೀಜದ ಬಣ್ಣ, ಮೈ ಬಿಳಿ, ಆ ಬಿಳಿಯ ಮೇಲೆ ಯಾರೋ ಕಾಫಿ ಚಿಮುಕಿಸಿದ ಹಾಗೆ ಚುಕ್ಕೆ. ಬಾಲವನ್ನು ಮರಿಯಲ್ಲೇ ಅರ್ಧಕ್ಕೆ ಕತ್ತರಿಸಿದ್ದರು. ಕಫೀಲನ ಬಳಿ ಮೊದಲಿದ್ದವು ಸಲೂಕಿಗಳು, ಎಲುಬು ಕಾಣುವ ಓಟದ ನಾಯಿಗಳು. ಅವಕ್ಕೆ ಮೊಲದ ಹಿಂದೆ ಓಡುವುದು ಒಂದೇ ಗೊತ್ತು.

"ಇದು ಹಾಗಲ್ಲ," ಎಂದರು ನನ್ನ ಗಂಡ. "ಇದು ಹಕ್ಕಿ ಹುಡುಕ್ತದೆ, ಎಲ್ಲುಂಟು ಅಂತ ನಿಂತು ತೋರಿಸ್ತದೆ, ಗುಂಡು ತಾಗಿ ಬಿದ್ದದ್ದನ್ನು ಹಲ್ಲು ತಾಗಿಸದೆ ತರ್ತದೆ. ಗಾಯ ಆಗಿ ಓಡಿದ್ದನ್ನು ನೆತ್ತರಿನ ವಾಸನೆ ಹಿಡಿದು ಹುಡುಕ್ತದೆ. ನೀರಿಗೂ ಹಾರ್ತದೆ."

"ನಿಮಗಿಂತ ವಾಸಿ," ಎಂದೆ ನಾನು. "ನೀವು ಪೇಟೆಯಿಂದ ಹೇಳಿದ ಸಾಮಾನನ್ನೇ ತರುವುದಿಲ್ಲ."

ಚಳಿಗಾಲ ಶುರುವಾಗುವ ಮೊದಲು ಉತ್ತರದಿಂದ ಲಾವಕ್ಕಿಗಳು ಬಂದು ಬರ್ಸೀಮಿನಲ್ಲಿ ಇಳಿಯುತ್ತವೆ. ಮನುಷ್ಯರ ಕಣ್ಣಿಗೆ ಹುಲ್ಲು ಮಾತ್ರ ಕಾಣುತ್ತದೆ. ನಾಯಿ ಹಾವಿನ ಹಾಗೆ ಆಚೆ ಈಚೆ ಹರಿಯುತ್ತ ಹೋಗಿ, ಒಮ್ಮೆಲೇ ನಿಲ್ಲುತ್ತದೆ. ಮುಂದಿನ ಒಂದು ಕಾಲು ಮಡಚಿ ಮೇಲೆ, ಮೂಗು ಹಕ್ಕಿಯ ಕಡೆ, ಬೆನ್ನು ಬಾಲ ಒಂದೇ ಗೆರೆ. ಉಸಿರು ಸಹ ಕಾಣಿಸುವುದಿಲ್ಲ. ಆಗ ನನ್ನ ಗಂಡ ಹಿಂದಿನಿಂದ ಬಂದು, ನಾಯಿಯನ್ನು ದಾಟಿ ಮುಂದೆ ಹೋಗಿ, ಹುಲ್ಲನ್ನು ಕಾಲಿನಿಂದ ಒದೆಯಬೇಕು. ಹಕ್ಕಿ ಏಳುತ್ತದೆ, ಕಫೀಲ ಗುಂಡು ಹೊಡೆಯುತ್ತಾನೆ. ಇಷ್ಟಾದರೂ ನಾಯಿ ಅಲುಗುವಂತಿಲ್ಲ. ಇವರು ತಿರುಗಿ ಬಂದು ಅದರ ಎಡ ಪಕ್ಕೆಗೆ ಅಂಗೈಯ ಬುಡದಿಂದ ಎರಡು ಸಲ ತಟ್ಟಿ, ನಾಲಗೆಯಲ್ಲಿ ಟಕ್ ಎಂದರೆ ಮಾತ್ರ ಬಿಡುಗಡೆ. ಬೇರೆಯವರ ನಾಯಿಗಳಿಗೆ ಸೀಟಿಯಂತೆ, ಇಂಗ್ಲಿಷಂತೆ. ಇವರಿಗೆ ಬಂದದ್ದು ಊರಿನ ನಾಯಿಗಳ ತಟ್ಟು, ಅದನ್ನೇ ಕಲಿಸಿದರು.

ಆ ಬೆಳಿಗ್ಗೆ ಗುಂಡು ಹೊಡೆಯುವವರು ಯಾರೂ ಇರಲಿಲ್ಲ. ಸೀಸನ್ ಹತ್ತಿರ ಬಂತೆಂದು ಇವರೊಬ್ಬರೇ ನಾಯಿಗೆ ಅಭ್ಯಾಸ ಮಾಡಿಸಲು ಹೋಗಿದ್ದರು. ನಾನು ಹಿಟ್ಟು ನಾದುತ್ತಿದ್ದೆ. ತೋಟದ ಡ್ರೈವರ್ ಓಡಿ ಬಂದು ಬಾಗಿಲಲ್ಲಿ ನಿಂತ. ಅವನು ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ಅಕ್ಕ, ಬನ್ನಿ," ಎಂದ. ಅವನ ಮುಖ ನೋಡಿ ಹಿಟ್ಟಿನ ಕೈಯಲ್ಲೇ ಹೊರಟೆ.

ಅವರು ಮುಖ ಕೆಳಗೆ ಮಾಡಿ ಹುಲ್ಲಿನಲ್ಲಿ ಬಿದ್ದಿದ್ದರು. ಹೃದಯ ನಿಂತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಅವರ ಹಿಂದೆ ನಾಲ್ಕು ಮಾರು ದೂರದಲ್ಲಿ ನಾಯಿ ಕಾಲು ಮಡಚಿ ನಿಂತಿತ್ತು. ಅವರು ಎಬ್ಬಿಸಲು ಹೋದ ಹಕ್ಕಿ ಎದ್ದಿತೋ ಇಲ್ಲವೋ ಗೊತ್ತಿಲ್ಲ. ಅವರನ್ನು ಎತ್ತಿ ಪಿಕಪ್ಪಿನಲ್ಲಿ ಮಲಗಿಸಿದರೂ ನಾಯಿ ಅದೇ ಜಾಗ ನೋಡುತ್ತ ನಿಂತಿತ್ತು. ಕುತ್ತಿಗೆಗೆ ಹಗ್ಗ ಹಾಕಿ ಎಳೆದರು, ಬರಲಿಲ್ಲ. ಕಡೆಗೆ ಕುರಿ ಕಾಯುವ ಸುಡಾನಿನವನು ಅದನ್ನು ಕುರಿಮರಿಯಂತೆ ಹೆಗಲ ಮೇಲೆ ಹೊತ್ತುಕೊಂಡು ಬಂದನಂತೆ. ಹೊತ್ತಾಗಲೂ ಕಾಲು ಮಡಚಿಯೇ ಇತ್ತು ಎಂದು ಡ್ರೈವರ್ ಹೇಳಿದ. ನಾನು ಅದನ್ನು ನೋಡಲಿಲ್ಲ. ನಾನು ಪಿಕಪ್ಪಿನಲ್ಲಿದ್ದೆ.

ಕಾಗದಪತ್ರ ಆಗುವವರೆಗೆ ಕಾದು, ಹೆಣದ ಪೆಟ್ಟಿಗೆಯ ಜೊತೆ ಊರಿಗೆ ಹೋದೆ. ಮಗ ಬೆಂಕಿ ಕೊಟ್ಟ, ಉತ್ತರಕ್ರಿಯೆಯ ಬೊಜ್ಜ ಮಾಡಿದ, ಊರಿಗೆಲ್ಲ ಊಟ ಹಾಕಿದ. ಸೊಸೆ ಒಳ್ಳೆಯವಳೇ. ಆದರೆ ಅವಳ ಅಡುಗೆಮನೆಯಲ್ಲಿ ನನಗೆ ಕೈ ಇಡಲು ಜಾಗ ಸಿಗಲಿಲ್ಲ. ಕುಳಿತು ಅಳುವುದು ನನ್ನಿಂದಾಗದ ಕೆಲಸ. ಸೌದಿಯಲ್ಲಿರಲು ಬೇಕಾದ ಇಕಾಮಾ ಕಾರ್ಡಿನ ಅವಧಿ ಇನ್ನೂ ಇತ್ತು, ಕಫೀಲನೂ ಫೋನು ಮಾಡಿ ನಾಯಿ ತಿನ್ನುತ್ತಿಲ್ಲ ಖಾಲಾ ಎಂದ. ನನ್ನನ್ನು ಅವನು ಖಾಲಾ, ಚಿಕ್ಕಮ್ಮ, ಎಂದು ಕರೆಯುವುದು. ವಾಪಸ್ಸು ಬಂದೆ.

ನಾಯಿ ಸೊರಗಿತ್ತು. ನಾನು ಹಾಕಿದ್ದನ್ನು ತಿಂದಿತು. ಅದಕ್ಕೆ ನನ್ನ ಮೇಲಿನ ಪ್ರೀತಿ ಕಾರಣವೇನಲ್ಲ, ನನ್ನ ಅನ್ನದ ರುಚಿ ಗೊತ್ತಿತ್ತು. ಆದರೆ ತಿಂದ ಮೇಲೆ ಅದು ಮಾಡಿದ್ದನ್ನು ನೋಡಿ ನನಗೆ ಕೈಯಲ್ಲಿದ್ದ ಪಾತ್ರೆ ಕೆಳಗಿಡಬೇಕಾಯಿತು. ಪಂಪಿನ ಕೋಣೆಯ ಎದುರು ಹೋಗಿ ಕಾಲು ಮಡಚಿ ನಿಂತಿತು. ಮೂಗು ನೇರ ಬಾಗಿಲ ಪಕ್ಕದ ಕಟ್ಟೆಯ ಕಡೆ. ಅವರು ಬೆಳಿಗ್ಗೆ ಚಹಾ ಕುಡಿಯಲು ಕೂರುತ್ತಿದ್ದ ಕಟ್ಟೆ. ಅಲ್ಲಿ ಹಕ್ಕಿ ಇಲ್ಲ, ಇಲಿ ಇಲ್ಲ, ಹಲ್ಲಿಯೂ ಇಲ್ಲ. ನಾನು ಬಗ್ಗಿ ನೋಡಿದೆ.

ಮಧ್ಯಾಹ್ನ ಅದು ಖರ್ಜೂರದ ಮರದ ನೆರಳನ್ನು ತೋರಿಸಿ ನಿಂತಿತು. ಸಂಜೆ ನಮ್ಮ ಕೋಣೆಗೆ ಬಂದು ಅವರ ಮಂಚ. ಸಾಕಾಗುವವರೆಗೆ ನಿಂತು, ಕಾಲು ನಡುಗಿ, ತಾನೇ ಬಿದ್ದುಕೊಳ್ಳುತ್ತಿತ್ತು. ಮರುದಿನ ಮತ್ತೆ. ಅವರ ದಿನಚರಿ ಹೇಗಿತ್ತೋ ಹಾಗೆಯೇ ಅದು ಜಾಗ ತೋರಿಸುತ್ತ ಹೋಗುತ್ತಿತ್ತು.

ಡ್ರೈವರಿಗೆ ಇದು ಕಂಡು ಬೆವರು ಬಂತು. "ಅಕ್ಕ, ಅದಕ್ಕೆ ಎಂತದೋ ಕಾಣ್ತದೆ. ಜಿನ್ನ್ ಇದ್ರೆ ನಾಯಿಗೆ ಗೊತ್ತಾಗ್ತದೆ ಅಂತ ನಮ್ಮ ಉಮ್ಮ ಹೇಳ್ತಿದ್ರು."

"ನಿನಗೆ ಕಾಣ್ತದಾ?"

"ನನಗೆ ಎಂತ ಕಾಣ್ಲಿಕ್ಕುಂಟು? ನನಗೆ ಅದರ ಜೊಲ್ಲು ಕಾಣ್ತದೆ. ತಾಗಿದ್ರೆ ಏಳು ಸಲ ತೊಳೀಬೇಕು."

"ಹಾಗಾದ್ರೆ ದೂರ ನಿಂತುಕೋ ಮಾರಾಯ. ಅದು ನಿನ್ನ ಕರೀಲಿಲ್ಲ."

ಪಕ್ಕೆಗೆ ತಟ್ಟಿದರೆ ಅದು ಬಿಟ್ಟು ಬರುತ್ತದೆ ಎಂದು ಆ ತೋಟದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಬೇಟೆಯಲ್ಲಿ ಕಫೀಲನ ಕಣ್ಣೆಲ್ಲ ಬಿದ್ದ ಹಕ್ಕಿಯ ಮೇಲೆ. ನಾನು ತಟ್ಟಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಯಾಕೆಂದರೆ ಅದು ನಿಂತಿರುವಷ್ಟು ದಿನ ಅವರು ಎಲ್ಲಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಎಲ್ಲಿದ್ದಾರೆಂದು ನನಗೆ ಅಷ್ಟು ಸರಿಯಾಗಿ ಗೊತ್ತಿದ್ದದ್ದು ಅದೇ ಮೊದಲು.

ನಾಯಿ ತೋರಿಸಿದ ಕಡೆ ನೋಡಿ ಮಾತಾಡಲು ಶುರು ಮಾಡಿದೆ. ದೊಡ್ಡ ಮಾತೇನಲ್ಲ. "ಓಯ್, ಕೇಳಿತಾ, ಆ ಕತ್ತರಿ ಎಲ್ಲಿಟ್ಟಿದ್ದೀರಿ?" ಎಂದು. ಮೊಮ್ಮಗಳಿಗೆ ಹಲ್ಲು ಬಿತ್ತಂತೆ ಎಂದು. ಉತ್ತರ ಬರುತ್ತಿರಲಿಲ್ಲ. ಬದುಕಿದ್ದಾಗಲೂ ಅಷ್ಟೆ, ಕೇಳಿದ್ದಕ್ಕೆ ಹೂಂ ಎಂದರೆ ಹೆಚ್ಚು. ನನಗೆ ವ್ಯತ್ಯಾಸ ಕಾಣಲಿಲ್ಲ.

ಒಂದು ಸಂಜೆ ಅವರಿಗೆ ಬಡಿಸಿದೆ. ನಮ್ಮಲ್ಲಿ ಸತ್ತವರಿಗೆ ಹಾಗೆ ಬಡಿಸುವುದುಂಟು. ಅವರು ಇಷ್ಟಪಡುತ್ತಿದ್ದದ್ದನ್ನು ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು. ಉಂಡಿರಬಹುದು ಎನ್ನುವಷ್ಟು ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತೆರೆಯುವುದು. ಬಾಳೆ ಎಲೆ ಇಲ್ಲದ್ದಕ್ಕೆ ಬೇಕರಿಯ ಕಾಗದ ಹಾಸಿದೆ. ಕೋಳಿ ಪದಾರ್ಥ ಮಾಡಿದೆ. ಒಣ ರೊಟ್ಟಿಯ ಪ್ಯಾಕೆಟ್ಟನ್ನು ಡ್ರೈವರ್ ರಿಯಾದಿನ ಮಂಗಳೂರು ಅಂಗಡಿಯಿಂದ ತಂದುಕೊಟ್ಟಿದ್ದ. ಬಡಿಸಿ ಬಾಗಿಲು ಹಾಕಿ ಹೊರಗೆ ಕುಳಿತೆ.

ತೆರೆದಾಗ ಒಳಗೆ ನಾಯಿ ಇತ್ತು. ಮೊದಲೇ ಮಂಚದಡಿ ಮಲಗಿತ್ತು ಎಂದು ಕಾಣುತ್ತದೆ. ಕೋಳಿಯ ಒಂದು ತುಂಡೂ ಕದಲಿರಲಿಲ್ಲ. ನಾಯಿ ಎಲೆಯಿಂದ ಎರಡು ಮಾರು ದೂರದಲ್ಲಿ ಕಾಲು ಮಡಚಿ ನಿಂತಿತ್ತು. ಮೂಗು ಎಲೆಯ ಕಡೆಗೂ ಇರಲಿಲ್ಲ. ಎಲೆಯ ಆಚೆ, ಗೋಡೆಗೆ ಬೆನ್ನು ಕೊಟ್ಟು ಒಬ್ಬರು ಕೂರುವಷ್ಟು ಜಾಗ ಇತ್ತಲ್ಲ, ಅದರ ಕಡೆ. ಬಾಯಿಯಿಂದ ಜೊಲ್ಲು ನೂಲಿನಂತೆ ನೆಲಕ್ಕೆ ಇಳಿದಿತ್ತು.

ನಾನು ಬಾಗಿಲನ್ನು ಮತ್ತೆ ಎಳೆದುಕೊಂಡೆ. ಉಣ್ಣುತ್ತಿರುವವರನ್ನು ನೋಡಬಾರದು.

ಆ ವಾರವೇ ಮಗನ ಫೋನು ಬಂತು. ಮನೆಯಲ್ಲಿ ಜೋಯಿಸರನ್ನು ಕರೆಸಿ ಪ್ರಶ್ನೆ ಇಟ್ಟು ನೋಡಿಸಿದ್ದರಂತೆ. "ಅಮ್ಮ, ಅಪ್ಪ ಸೇರ್ಲೇ ಇಲ್ಲ ಅಂತ ಕಾಣ್ತದಂತೆ. ಹಿರಿಯರ ಜೊತೆ ಅವರಿಲ್ಲ. ದೇಹ ಬಂತು, ಕುಲೆ ಅಲ್ಲೇ ಉಳಿದಿದೆ ಅಂತ ಹೇಳಿದ್ರು."

"ಇಲ್ಲೇ ಇದ್ದಾರೆ," ಎಂದೆ. "ನನಗೆ ಗೊತ್ತುಂಟು."

"ಗೊತ್ತಿದ್ರೆ ಕರ್ಕೊಂಡು ಬರ್ಬೇಕಲ್ಲ ಅಮ್ಮ. ಬಿದ್ದ ಜಾಗದಲ್ಲಿ ನಿಂತು ಮೂರು ಸಲ ಕರೆದು, ಅಲ್ಲಿಯ ಮಣ್ಣು ಬಟ್ಟೆಯಲ್ಲಿ ಕಟ್ಟಬೇಕಂತೆ. ದೀಪಾವಳಿಯ ಒಳಗೆ ಆದ್ರೆ ಹಿರಿಯರಿಗೆ ಬಡಿಸುವಾಗ ಸೇರಿಸ್ಬಹುದು. ಇಲ್ಲದಿದ್ರೆ ಅಲೀತಾ ಇರ್ತಾರೆ."

"ಅಲೆಯುವುದಿಲ್ಲ. ಪಂಪಿನ ಕೋಣೆ, ಮರ, ಮಂಚ. ಅಷ್ಟೆ."

"ಅಮ್ಮ, ಎಂತ ಹೇಳ್ತಿದ್ದೀರಿ ನೀವು?"

ನೋಡುವಾ ಎಂದು ಫೋನಿಟ್ಟೆ. ಕರೆದರೆ ಹೋಗುತ್ತಾರೆ. ಹೋದರೆ ನಾಯಿ ತೋರಿಸುವುದಕ್ಕೆ ಇಲ್ಲಿ ಯಾರೂ ಇರುವುದಿಲ್ಲ. ಕರೆಯದಿದ್ದರೆ ಅವರಿಗೆ ಗತಿ ಇಲ್ಲ. ಅಡುಗೆ ಮಾಡುವಾಗ ಇದನ್ನೇ ಯೋಚಿಸಿ ಎರಡು ಸಲ ಅನ್ನದ ಅಡಿ ಹಿಡಿಸಿದೆ.

ಅಷ್ಟರಲ್ಲಿ ರಿಯಾದಿನಲ್ಲಿ ನಾಯಿಗಳ ಪ್ರದರ್ಶನ ಬಂತು. ಹಿಂದಿನ ವರ್ಷ ನನ್ನ ಗಂಡ ಇದನ್ನು ಅದಕ್ಕೆಂದೇ ತಯಾರು ಮಾಡಿದ್ದರು. ಇಟ್ಟಿಗೆಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ನಾಲ್ಕು ಕಾಲು ಸರಿಯಾಗಿ ಊರಿ ನಿಲ್ಲುವುದನ್ನು ಕಲಿಸಿದ್ದರು. ಅಪರಿಚಿತರು ಬಾಯಿ ಬಿಡಿಸಿ ಹಲ್ಲು ನೋಡಿದರೆ ಸುಮ್ಮನಿರಬೇಕು, ಮೈ ಸವರಿದರೆ ಸುಮ್ಮನಿರಬೇಕು. ಬೇಟೆಗೆ ಬೇರೆ ನಾಯಿ, ಪ್ರದರ್ಶನಕ್ಕೆ ಬೇರೆ ನಾಯಿ ಸಾಕುವವರಿದ್ದಾರಂತೆ. ಕಫೀಲನಿಗೆ ಎರಡೂ ಒಂದರಲ್ಲೇ ಬೇಕು. ಈ ಜಾತಿಯ ಮರ್ಯಾದೆ ಇರುವುದೇ ಅದರಲ್ಲಿ ಎಂದು ಅವನ ಮಾತು. ಈಗ ಪ್ರದರ್ಶನದಲ್ಲಿ ನಾಯಿಯನ್ನು ಹಿಡಿದು ಓಡಿಸಲು ಪೇಟೆಯ ಒಬ್ಬ ಯುವಕನನ್ನು ಗೊತ್ತು ಮಾಡಿದ. ನಾಯಿ ದಾರಿಯಲ್ಲಿ ತಿನ್ನಬೇಕಾದರೆ ಖಾಲಾ ಬೇಕು ಎಂದು ನನ್ನನ್ನೂ ಗಾಡಿಗೆ ಹತ್ತಿಸಿದರು.

ಒಲಾಯಾ ಬಡಾವಣೆಯ ಎತ್ತರದ ಕಟ್ಟಡಗಳನ್ನು ದಾಟಿ ಒಂದು ದೊಡ್ಡ ಹಾಲು. ಒಳಗೆ ಏಸಿ, ಹಸಿರು ಕಾರ್ಪೆಟ್ಟು, ಕಾರ್ಪೆಟ್ಟಿನ ಸುತ್ತ ಹಗ್ಗ. ಅಬಾಯಾ ಹಾಕಿದ ಹುಡುಗಿಯರ ತೊಡೆಯ ಮೇಲೆ ಬೆಕ್ಕಿನಷ್ಟೇ ಇರುವ ನಾಯಿಗಳು, ಅವುಗಳ ನೆತ್ತಿಯಲ್ಲಿ ರಿಬ್ಬನ್ನು. ಒಂದು ನಾಯಿಗೆ ಹೇರ್ ಡ್ರೈಯರ್ ಹಿಡಿದಿದ್ದರು. ನನ್ನ ಮದುವೆಗೆ ನನಗೆ ಅಷ್ಟು ಶೃಂಗಾರ ಮಾಡಿರಲಿಲ್ಲ. ಡ್ರೈವರ್ ಗೋಡೆಗೆ ಅಂಟಿಕೊಂಡು ನಿಂತ. "ಅಕ್ಕ, ಎಲ್ಲ ಕಡೆಯಿಂದ ನೆಕ್ಲಿಕ್ಕೆ ಬರ್ತಾವೆ. ನಾನು ಇವತ್ತು ಮೀಯುವುದರಲ್ಲೇ ಮುಗೀತೇನೆ," ಎಂದ. ನಾನು ಹಗ್ಗದ ಪಕ್ಕದ ಕುರ್ಚಿಯಲ್ಲಿ ಕುಳಿತೆ. ನನ್ನ ಎಡಗಡೆಯ ಕುರ್ಚಿ ಖಾಲಿ ಇತ್ತು.

ನಾಯಿ ಚೆನ್ನಾಗಿ ಓಡಿತು. ಯುರೋಪಿನಿಂದ ಬಂದಿದ್ದ ತೀರ್ಪುಗಾರ ಹಲ್ಲು ನೋಡಿದ, ಬೆನ್ನು ಸವರಿದ. ಇನ್ನೊಂದು ಸುತ್ತು ಓಡಿಸು ಎಂದು ಕೈಮಾಡಿದ. ಸುತ್ತಿನ ನಡುವೆ ನನ್ನ ಎದುರಿಗೆ ಬಂದಾಗ ನಾಯಿ ನಿಂತಿತು. ಕಾಲು ಮಡಚಿತು. ಯುವಕ ಹಗ್ಗ ಎಳೆದ. ತೀರ್ಪುಗಾರ ಎಳೆಯಬೇಡ ಎಂದು ಕೈ ಎತ್ತಿದ. ಅದರ ಮೂಗು ನನ್ನ ಎಡಗಡೆಯ ಕುರ್ಚಿಯ ಕಡೆಗಿತ್ತು.

ಆ ಗದ್ದಲದ ಹಾಲಿನಲ್ಲಿ ನಮ್ಮ ಸುತ್ತಿನ ಜನ ಹಗ್ಗದ ಹತ್ತಿರ ಸರಿದರು. ಫೋನುಗಳು ಮೇಲೆದ್ದವು. ತೀರ್ಪುಗಾರ ನಾಯಿಯ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದ, ದೇವಸ್ಥಾನದಲ್ಲಿ ಬರುವ ಹಾಗೆ. ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಎಡ ತೋಳಿಗೆ ಮಾತ್ರ ಚಳಿಯಾಯಿತು. ಏಸಿಯ ಗಾಳಿ ಇರಬಹುದು. ಬಲ ತೋಳಿಗೂ ಅದೇ ಏಸಿ.

ನಾಯಿಗೆ ಮೊದಲ ಬಹುಮಾನ ಬಂತು. ಕಫೀಲ ಎಲ್ಲರನ್ನೂ ತಬ್ಬಿಕೊಂಡ. ತೀರ್ಪುಗಾರ ಏನೋ ಹೇಳಿದ್ದನ್ನು ಅವನು ನನಗೆ ತಿಳಿಸಿದ: ಕಾರ್ಪೆಟ್ಟಿನ ಮೇಲೆ ಹೀಗೆ ನಿಂತ ನಾಯಿಯನ್ನು ಆತ ನೋಡಿಯೇ ಇಲ್ಲವಂತೆ, ಗದ್ದೆಯಲ್ಲಿ ಇದು ಇನ್ನು ಹೇಗಿರಬಹುದು ಅಂದನಂತೆ.

ಗದ್ದೆಯಲ್ಲಿ ಹೇಗಿತ್ತು ಎಂದು ಸ್ವಲ್ಪ ದಿನದಲ್ಲೇ ಗೊತ್ತಾಯಿತು. ಲಾವಕ್ಕಿ ಇಳಿದಿದ್ದವು. ಬಹುಮಾನದ ನಾಯಿಯನ್ನು ತೋರಿಸಲು ಕಫೀಲ ಗೆಳೆಯರನ್ನು ಕರೆಸಿದ. ನಾನು ಚಹಾದ ಥರ್ಮಾಸು ಹಿಡಿದು ಅಂಚಿನಲ್ಲಿ ನಿಂತಿದ್ದೆ. ನಾಯಿಯನ್ನು ಬಿಟ್ಟದ್ದೇ ಅದು ಎಲ್ಲಿಯೂ ಹುಡುಕದೆ ನೇರ ಗದ್ದೆಯ ನಡುವೆ ಹೋಗಿ ನಿಂತಿತು. ಅವರು ಬಿದ್ದ ಜಾಗ. ಬಂದೂಕುಗಳು ಎದ್ದವು. ಆ ಯುವಕ ಮುಂದೆ ಹೋಗಿ ಹುಲ್ಲು ಒದ್ದ. ಏನೂ ಏಳಲಿಲ್ಲ. ಮತ್ತೆ ಒದ್ದ. ನಾಯಿಯನ್ನು ಹೊತ್ತು ತಂದು ಇನ್ನೊಂದು ಕಡೆಯಿಂದ ಬಿಟ್ಟರು. ಹಾರಿ ಹೋಗುವ ಹಕ್ಕಿಗಳ ನಡುವೆಯೇ ಓಡಿ ಮತ್ತೆ ಅಲ್ಲಿಗೇ ಹೋಗಿ ನಿಂತಿತು. ಗೆಳೆಯರಲ್ಲಿ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಕಫೀಲ ನಗಲಿಲ್ಲ.

ಸಂಜೆ ಡ್ರೈವರ್ ಅಡುಗೆಮನೆಯ ಬಾಗಿಲಿಗೆ ಬಂದ. "ಅಕ್ಕ, ನಾಯಿಯನ್ನು ಜಿದ್ದಾದ ಗೆಳೆಯನಿಗೆ ಕೊಡ್ತಾನಂತೆ. ಅವನು ಬರೀ ಪ್ರದರ್ಶನದ ನಾಯಿ ಸಾಕುವವ. ಪಂಜರ, ಏಸಿ ರೂಮು, ಗದ್ದೆಗಿದ್ದೆ ಎಂತದೂ ಇಲ್ಲ. ನಿಂತುಕೊಂಡೇ ಇದ್ರೆ ಸಾಕು ಅಲ್ಲಿ."

"ಯಾವಾಗ?"

"ಈ ಶುಕ್ರವಾರ ಕಳೆದು. ಒಂದು ಸಲ ಗದ್ದೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ರೆ ಇಟ್ಕೊಳ್ತೇನೆ ಅಂದ. ಯಾ ಅಲ್ಲಾ, ಅದು ಆಗುವ ಮಾತಾ?"

ನಾಯಿ ಆಗ ಮಂಚದ ಎದುರು ನಿಂತಿತ್ತು. ಕಾಲು ನಡುಗುತ್ತಿತ್ತು. ಪಕ್ಕೆಯ ಎಲುಬು ಎಣಿಸಬಹುದಿತ್ತು. ಇಷ್ಟು ದಿನ ನಾನು ಅದು ತೋರಿಸಿದ ಕಡೆ ನೋಡುತ್ತಿದ್ದೆ. ಅದನ್ನು ಸರಿಯಾಗಿ ನೋಡಿದ್ದು ಆ ಸಂಜೆ.

ಮಗನಿಗೆ ಫೋನು ಮಾಡಿ, ಕರೆಯುತ್ತೇನೆ ಎಂದೆ. ಅವನು ಕ್ರಮವನ್ನೆಲ್ಲ ಡ್ರೈವರಿನ ಫೋನಿಗೆ ಬರೆದು ಕಳಿಸಿದ. ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ.

ಮರುದಿನ ಮಧ್ಯಾಹ್ನ, ಉಳಿದವರು ಮಲಗಿದ್ದಾಗ, ನಾವು ಮೂವರು ಗದ್ದೆಗೆ ಹೋದೆವು. ನೀರಿನ ಪೈಪು ದೂರದಲ್ಲಿ ಸುತ್ತುತ್ತಿತ್ತು. ನಾಯಿ ಮೊದಲೇ ಹೋಗಿ ನಿಂತಿತು. ಡ್ರೈವರ್ ಫೋನು ನೋಡಿ ಓದಿದ. "ಮೊದಲು ಅವರ ಮುಖ ಎಲ್ಲಿತ್ತೋ ಅಲ್ಲಿ ನಿಲ್ಬೇಕಂತೆ. ಮೂರು ಸಲ ಕರೀಬೇಕು. ಮಣ್ಣು ತೆಗೆದು ಕಟ್ಬೇಕು. ಕಟ್ಟುವವರೆಗೆ ಅಲ್ಲಿಂದ ಎಂತದನ್ನೂ ಅಲುಗಿಸಬಾರದಂತೆ, ಗಾಬರಿಯಾಗಿ ಹೋಗಿಬಿಡ್ತಾರಂತೆ." ಆಮೇಲೆ ತಲೆ ಎತ್ತಿ, "ಅಕ್ಕ, ಎಂತ ಹೇಳಿ ಕರೀತೀರಿ? ನೀವು ಅವರ ಹೆಸರು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ," ಎಂದ.

"ಹೇಳಿದ್ರಲ್ಲವಾ ನೀನು ಕೇಳುವುದು?"

ನಾನು ನಾಯಿಯ ಪಕ್ಕಕ್ಕೆ ಬಂದೆ. ಮುಂದೆ ನಾಲ್ಕು ಮಾರು ಹೋದರೆ ಆ ಜಾಗ. ನಾಯಿಯ ಇಡೀ ಮೈ ಕಂಪಿಸುತ್ತಿತ್ತು, ಪಂಪು ಓಡುವಾಗ ಪೈಪು ಕಂಪಿಸುತ್ತದಲ್ಲ ಹಾಗೆ. ಕಣ್ಣಿನ ಬಿಳಿ ಕೆಂಪಗಿತ್ತು. ಅವರು ಬಿದ್ದ ದಿನದಿಂದ ಅದು ಒಂದು ತಟ್ಟಿಗಾಗಿ ಕಾದು ನಿಂತಿತ್ತು. ನಾನು ಕರೆದು, ಮಣ್ಣು ಬಾಚಿ, ಗಂಟು ಕಟ್ಟುವವರೆಗೂ ಅದು ಹಾಗೇ ನಿಂತಿರಬೇಕು ಎಂದು ಕ್ರಮ ಹೇಳುತ್ತದೆ. ಕ್ರಮ ಹೇಳಿದವರು ಅದನ್ನು ನೋಡಿದವರಲ್ಲ.

ಕೈ ಚಾಚಿ ಅದರ ಎಡ ಪಕ್ಕೆಗೆ ಅಂಗೈಯ ಬುಡದಿಂದ ಎರಡು ಸಲ ತಟ್ಟಿದೆ. ನಾಲಗೆಯಲ್ಲಿ ಟಕ್ ಎಂದೆ. ನಾಯಿಯ ಮೈ ಅಷ್ಟು ಬಿಸಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಡಚಿದ ಕಾಲು ಕೆಳಗಿಳಿಯಿತು. ನಾಯಿ ಒಮ್ಮೆ ಮೈ ಕೊಡವಿತು, ಕಿವಿಗಳು ಪಟಪಟ ಸದ್ದು ಮಾಡಿದವು. ನನ್ನ ಮುಖ ನೋಡಲಿಲ್ಲ. ಗಾಳಿಗೆ ಮೂಗು ಎತ್ತಿ, ಗದ್ದೆಯ ಆಚೆ ಅಂಚಿಗೆ ಓಡಿತು.

"ಅಕ್ಕ, ಅಲುಗಿಸಬಾರದು ಅಂತ ಈಗ ಓದಿದ್ನಲ್ಲ," ಎಂದ ಡ್ರೈವರ್.

"ಓದಿದ್ದಿ. ನನಗೆ ಕೇಳಿತು."

ಆಮೇಲೆ ಮುಂದೆ ಹೋಗಿ ನಿಂತು ಕರೆದೆ. ಹೆಸರು ಹೇಳಿಯೇ ಕರೆದೆ, ಮೂರು ಸಲ. ಮೊದಲನೆಯ ಸಲ ಕರೆಯುವಾಗಲೇ ಗೊತ್ತಾಯಿತು. ಮನೆಯಲ್ಲಿ ಯಾರೂ ಇಲ್ಲದಾಗ ಕರೆದರೆ ನಮ್ಮ ದನಿ ನಮಗೇ ಒಂದು ರೀತಿ ಕೇಳಿಸುತ್ತದೆ. ಬಯಲಿನಲ್ಲಿ ನಿಂತು ಕರೆದರೂ ಹಾಗೆಯೇ ಕೇಳಿಸಿತು. ಮಣ್ಣು ಬಾಚಿ ಕಟ್ಟಿದೆ. ನನ್ನ ಕೆಲಸ ಅಷ್ಟು. ಡ್ರೈವರ್ ಮುಖ ತಿರುಗಿಸಿ ನಿಂತಿದ್ದ, ನನ್ನ ಗಂಡನ ಹೆಸರು ಕೇಳಿಸಿಕೊಂಡದ್ದಕ್ಕೆ ನಾಚಿಕೆಯಾದವನ ಹಾಗೆ.

ಶುಕ್ರವಾರ ಕಫೀಲ ಒಬ್ಬನೇ ಬಂದ, ಗೆಳೆಯರನ್ನು ಕರೆಯಲು ಧೈರ್ಯವಾಗಿರಲಿಲ್ಲ. ನಾಯಿ ಗದ್ದೆಯನ್ನು ಒಂದು ಕಡೆಯಿಂದ ಹರಿದು ಹುಡುಕಿತು. ನಿಂತಿತು. ಹುಲ್ಲು ಒದ್ದದ್ದು ನಾನು. ಹಕ್ಕಿ ಎದ್ದಿತು, ಗುಂಡಿಗೆ ಬಿತ್ತು. ತಟ್ಟಿದೆ, ಹೋಗಿ ಎತ್ತಿಕೊಂಡು ಬಂದು ಕೈಗೆ ಕೊಟ್ಟಿತು. ಹಕ್ಕಿಯ ಒಂದು ಪುಕ್ಕವೂ ಮುರಿದಿರಲಿಲ್ಲ. ಕಫೀಲ ಜಿದ್ದಾಕ್ಕೆ ಫೋನು ಮಾಡಿ ಇಲ್ಲ ಎಂದ. ಈಗ ಸೀಸನ್ನಿನಲ್ಲಿ ನಾಯಿಯ ಜೊತೆ ಹೋಗುವವಳು ನಾನೇ. ಅಬಾಯಾದ ಕೆಳಗೆ ಗಂಡನ ಗಂಬೂಟು ಹಾಕಿಕೊಳ್ಳುತ್ತೇನೆ. ಡ್ರೈವರ್ ದೂರದಿಂದಲೇ ಸಲಾಂ ಹೊಡೆಯುತ್ತಾನೆ.

ಮಣ್ಣಿನ ಗಂಟು ಊರಿಗೆ ಹೋದದ್ದು ಅವನ ಜೊತೆಯಲ್ಲೇ. ಗಲ್ಫಿನವರು ಊರಿಗೆ ಹೋಗುವವರ ಕೈಯಲ್ಲಿ ಸಾಮಾನು ಕಳಿಸುವ ಹಾಗೆ ಕಳಿಸಿದೆ. ರಜೆಗೆ ಹೋಗುವವನ ಪೆಟ್ಟಿಗೆಯಲ್ಲಿ ಖರ್ಜೂರ, ಸೋಪು, ಟ್ಯಾಂಗಿನ ಡಬ್ಬಿ, ಅವುಗಳ ನಡುವೆ ಅದು. "ಅಣ್ಣನನ್ನು ಜೋಪಾನವಾಗಿ ಮುಟ್ಟಿಸ್ತೇನೆ ಅಕ್ಕ," ಎಂದ. ಮುಟ್ಟಿಸಿದ. ಅವನ ಮೇಲೆ ತಪ್ಪಿಲ್ಲ.

ದೀಪಾವಳಿ ಕಳೆದು ಮಗ ಫೋನು ಮಾಡಿದ. ಗಂಟನ್ನು ಇಟ್ಟು ನೋಡಿಸಿದರಂತೆ. "ಇದು ಬರೀ ಮಣ್ಣು ಅಂದ್ರು ಅಮ್ಮ. ಇದರಲ್ಲಿ ಯಾರೂ ಇಲ್ವಂತೆ." ಇನ್ನೊಮ್ಮೆ ಕರೆಯಿರಿ ಎಂದ. ಎಲ್ಲಿ ನಿಂತು ಕರೆಯಲಿ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.

ಮೊದಲು ಕರೆದು ಆಮೇಲೆ ತಟ್ಟಬೇಕಿತ್ತು ಎಂದು ಸೊಸೆ ಹೇಳಿದಳಂತೆ. ಇರಬಹುದು. ಇನ್ನೊಮ್ಮೆ ಆದರೂ ನಾನು ತಟ್ಟುವುದೇ ಮೊದಲು. ಉಸಿರಿದ್ದದ್ದು ನಾಯಿಗೆ.

ಈ ವರ್ಷ ಹುಲ್ಲು ದಟ್ಟವಾಗಿ ಬಂದಿದೆ. ನಿನ್ನೆ ಬೆಳಿಗ್ಗೆ ನಾಯಿ ಗದ್ದೆಯ ನಡುವಿನಿಂದ ಹಾದುಹೋಯಿತು. ಆ ಜಾಗ ಬಂದಾಗ ನಾನು ನಡಿಗೆ ನಿಧಾನ ಮಾಡಿದೆ. ನಾಯಿ ನಿಧಾನ ಮಾಡಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ. ಅದರ ಮೇಲೆಯೇ ತುಳಿದುಕೊಂಡು, ಮೂಗು ಗಾಳಿಗೆ ಕೊಟ್ಟು, ಮುಂದಿನ ಹಕ್ಕಿಗೆ ಹೋಯಿತು. ನಾನು ಹಿಂದೆಯೇ ಹೋದೆ.